ಎರವಲು ಪಡೆದವರು: ಅಬ್ದುಲ್ ವಹೀದ್

ರಾಯಚೂರು
೮ ಜೂನ್ ೨೦೨೩

ಹುಲಗಪ್ಪ ಕಾಕಾ ಅವರಿಗೆ ನಮಸ್ಕಾರ.

ನಿಮಗೆ ನನ್ನ ನೆನಪಿರಲಾರದು. ನಾನು ಮಾನ್ವಿಯ ವಹೀದ್ ಮಾಸ್ತರರ ಮಗಳು ತಹಮೀನಾ. ನೀವು ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದಾಗ ನನಗೆ ಐದು ವರ್ಷ. ಅಬ್ಬಾ ತೀರಿಕೊಂಡು ನಾಲ್ಕು ವರ್ಷವಾಯಿತು. ಅಮ್ಮೀಯನ್ನು ಕರೆದುಕೊಂಡು ರಾಯಚೂರಿಗೆ ಬಂದಿದ್ದೇನೆ. ದಿನಾ ಬಸ್ಸಿನಲ್ಲಿ ಯರಗೇರಾದ ಕಾಲೇಜಿಗೆ ಹೋಗಿ ಇತಿಹಾಸ ಪಾಠ ಮಾಡುತ್ತೇನೆ.

ಕಳೆದ ತಿಂಗಳು ದೇವದುರ್ಗದ ಕಡೆಯ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಮೇಡಂ, ನಲವತ್ತೆಂಟರಾಗ ನಮ್ಮ ಹೊಳಿದಂಡಿ ಊರಾಗ ಏನಾತ್ರಿ? ಮನ್ಯಾಗ ಕೇಳಿದ್ರ ಬೈತಾರ” ಅಂದಳು. ಅಬ್ಬಾ ಬರೆದ ‘ತುಂಬಿಗಡ್ಡಿಯ ಹೆಸರುಗಳು’ ಅದೇ ವಿಷಯದ ಪುಸ್ತಕ ಎಂದಷ್ಟೇ ನನಗೆ ಗೊತ್ತು. ಆ ವರ್ಷದ ಬೇಸಿಗೆಯಲ್ಲಿ ನಿಜಾಮನ ಕಡೆಯ ರಜಾಕಾರರು ಕೊಂದವರದು ಒಂದು ಪಟ್ಟಿ, ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದ ಮೇಲೆ ಊರವರೇ ಕೊಂದ ಮುಸಲ್ಮಾನರದು ಇನ್ನೊಂದು. ಒಂದು ಗುಂಪಿಗೆ ಮೊದಲ ಪಟ್ಟಿ ಬೇಡವಾಗಿತ್ತು, ಇನ್ನೊಂದಕ್ಕೆ ಎರಡನೆಯದು. ಆ ಪುಸ್ತಕದಿಂದ ಅಬ್ಬಾನ ಕೆಲಸಕ್ಕೆ ಕುತ್ತು ಬಂತು. ನಮ್ಮ ಮನೆಯಲ್ಲಿ ಒಂದೂ ಪ್ರತಿ ಉಳಿದಿಲ್ಲ. ಬರೆದವರ ಮಗಳಾದ ನಾನೇ ಅದನ್ನು ಓದಿಲ್ಲ.

ಮೊನ್ನೆ ಮಾನ್ವಿಗೆ ಹೋಗಿ ಕೃಷ್ಣಾತೀರ ಸಂಘದ ವಾಚನಾಲಯದಲ್ಲಿ ಕೇಳಿದೆ. ಅಲ್ಲಿನ ಹನುಮಂತಮ್ಮ ರಿಜಿಸ್ಟರ್ ತೆಗೆದು, “ಅದ ರೀ. ಆದ್ರ ಹೊರಗ ಹೋಗ್ಯಾದ” ಅಂದರು. ಯಾರು ಒಯ್ದರು ಎಂದಾಗ ರಿಜಿಸ್ಟರನ್ನೇ ನನ್ನ ಕಡೆ ತಿರುಗಿಸಿದರು.

ತಾರೀಖು ೨೫ ಮೇ ೨೦೨೩. ಆಜೀವ ಸದಸ್ಯರು, ಅವಧಿ ಮೂರು ತಿಂಗಳು. ಎರವಲು ಪಡೆದವರು: ಅಬ್ದುಲ್ ವಹೀದ್.

ಅದು ಅಬ್ಬಾನ ಸಹಿ. ‘ವ’ ಅಕ್ಷರದ ಬಾಲವನ್ನು ಕೆಳಗೆಳೆದು ಸೂಜಿಯಲ್ಲಿ ಉಳಿದ ದಾರದಂತೆ ಬಿಡುತ್ತಿದ್ದರು. ಹತ್ತು ವರ್ಷ ನನ್ನ ಅಂಕಪಟ್ಟಿಗಳ ಮೇಲೆ ಅದನ್ನು ನೋಡಿದ್ದೇನೆ.

“ಯಾರು ಬಂದಿದ್ರು?” ಎಂದೆ.

“ಓದೋರೇ ಬರ್ಕೊಂಡು ಒಯ್ತಾರ್ರಿ. ನಾ ಊಟಕ್ಕ ಹೋಗಿದ್ದೆ.”

ಹೊರಗೆ ಮಟಮಟ ಮಧ್ಯಾಹ್ನ. ನಾನು ಆ ಪುಟದ ಫೋಟೋ ತೆಗೆದುಕೊಂಡೆ.

ಅಬ್ಬಾನ ಡೈರಿಗಳಲ್ಲಿ ದೇವದುರ್ಗದ ವಿಳಾಸ ನಿಮ್ಮದೊಂದೇ. ಪ್ರತಿ ಜನವರಿಯಲ್ಲಿ ಹೊಸ ಡೈರಿಗೆ ಅದನ್ನು ಮತ್ತೆ ಬರೆದುಕೊಂಡಿದ್ದಾರೆ. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಮಾತಿಲ್ಲದವರ ವಿಳಾಸ ಯಾಕೆ ಬೇಕಿತ್ತೋ ಗೊತ್ತಿಲ್ಲ. ನೀವು ಅದೇ ಸಂಘದ ವಾಚನಾಲಯ ನಡೆಸಿದವರು. ಪುಸ್ತಕ ಎಲ್ಲಿದೆ, ಯಾರು ಈ ಸಹಿ ಹಾಕುತ್ತಿದ್ದಾರೆ, ತಿಳಿದಿದ್ದರೆ ಬರೆಯಿರಿ.

ನಿಮ್ಮ ಉತ್ತರದ ದಾರಿ ನೋಡುವ,
ತಹಮೀನಾ


ದೇವದುರ್ಗ
೧೯ ಜೂನ್ ೨೦೨೩

ತಹಮೀನಾ ಅವರಿಗೆ,

ನಿಮ್ಮ ಪತ್ರ ತಲುಪಿತು. ನಾನು ನಿವೃತ್ತನಾಗಿ ಹದಿಮೂರು ವರ್ಷ ಕಳೆದಿವೆ. ನೀವು ಕೇಳಿದ ಪುಸ್ತಕದ ಬಗ್ಗೆ ನನಗೆ ಮಾಹಿತಿ ಇಲ್ಲ. ಒಂದೇ ಹೆಸರಿನವರು ಬಹಳ ಜನ ಇರುತ್ತಾರೆ, ಸಹಿಗಳೂ ಹೋಲುತ್ತವೆ.

ಆ ಪುಸ್ತಕವನ್ನು ಹುಡುಕಬೇಡಿ. ನಿಮ್ಮ ಕೆಲಸ ಇನ್ನೂ ಕಾಯಂ ಆಗಿಲ್ಲ ಎಂದು ಪತ್ರದಿಂದ ಊಹಿಸಿದ್ದೇನೆ.

ನನಗೆ ಕಿವಿ ಕೇಳುವುದಿಲ್ಲ, ಫೋನ್ ಮಾಡಿ ಉಪಯೋಗವಿಲ್ಲ. ನಿಮ್ಮ ತಾಯಿ ರಂಜಾನಬಿ ಅಕ್ಕ ಆರೋಗ್ಯವಾಗಿದ್ದಾರೆಯೇ?

ಹುಲಗಪ್ಪ


ರಾಯಚೂರು
೧೬ ಜುಲೈ ೨೦೨೩

ಕಾಕಾ,

ನನ್ನ ಕೆಲಸ ಕಾಯಂ ಆಗಿಲ್ಲವೆಂದು ನಾನು ಬರೆದಿರಲಿಲ್ಲ.

ಹುಡುಕುವುದನ್ನು ನಿಲ್ಲಿಸಲಿಲ್ಲ. ರಾಯಚೂರಿನ ಶಾಖೆಗೆ ಹೋದೆ. ಕೊನೆಯ ಕಪಾಟಿನ ಕೆಳಗಿನ ಸಾಲಿನಲ್ಲಿ ಒಂದು ಬೆರಳಗಲದ ಸಂದಿತ್ತು. ಅಕ್ಕಪಕ್ಕ ಧೂಳು ಕೂತಿತ್ತು, ಆ ಸಂದಿನಲ್ಲಿ ಮಾತ್ರ ಹಲಗೆ ಹೊಳೆಯುತ್ತಿತ್ತು. ರಿಜಿಸ್ಟರಿನಲ್ಲಿ ಅದೇ ಹೆಸರು, ಅದೇ ಬಾಲ. ತಾರೀಖು ೨೦ ಜೂನ್.

ಅಲ್ಲಿಂದ ಹಳೆ ಪುಸ್ತಕ ಮಾರುವ ಅಮೀರ್ ಸಾಬರ ಅಂಗಡಿಗೆ ಹೋದೆ. ಹೆಸರು ಹೇಳುತ್ತಲೇ ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು.

“ಈ ವರ್ಷ ಅದನ್ನ ಕೇಳಾಕ ಬಂದವ್ರಾಗ ನೀವು ನಾಲ್ಕನೇದವ್ರು ನೋಡ್ರಿ.”

“ಮೊದಲಿನವರು ಯಾರು?”

“ಇಬ್ರು ಹುಡುಗ್ರು ಬಂದಿದ್ರು. ಖರೀದಿ ಮಾಡೋರಲ್ಲ. ಕಪಾಟಿಂದು ಒಂದೊಂದ ಸಾಲು ಮೊಬೈಲಿನ್ಯಾಗ ಫೋಟೋ ಹೊಡ್ಕೊಂಡ್ರು. ಯಾರ್ಯಾರು ಒಯ್ದಾರ, ಹೆಸರು ಹೇಳು ಅಂದ್ರು. ಅವ್ರು ಬರೋಕಿಂತ ಒಂದು ದಿನ ಮುಂಚೆ ಇನ್ನೊಬ್ರು ಬಂದು ಇದ್ದ ಒಂದು ಪ್ರತಿ ಒಯ್ದಿದ್ರು. ವಯಸ್ಸಾದವ್ರು. ಬಾಯಿ ಬಿಡ್ಲಿಲ್ಲ, ಚೀಟಿ ತೋರಿಸಿದ್ರು.”

ರಸೀದಿಯ ಮೇಲೆ ಯಾವ ಹೆಸರು ಬರೆಸಿದ್ದರೆಂದು ನಾನು ಕೇಳಬೇಕಾಗಲಿಲ್ಲ.

ಕಾಕಾ, ನಾನು ಹೋಗುವ ಕಡೆಗೆಲ್ಲ ಅಬ್ಬಾ ಮುಂದೆ ಹೋಗಿ ಬಂದಿರುತ್ತಾರೆ. ಬಸ್ಸಿನಲ್ಲಿ ಮುಂದಿನ ಸೀಟಿನ ಮುದುಕರ ಕುತ್ತಿಗೆ ನೋಡುತ್ತ ಕೂರುವ ಚಟ ಹತ್ತಿದೆ.

ತಪ್ಪು ನನ್ನದೇ. ಮಾನ್ವಿಯ ರಿಜಿಸ್ಟರಿನ ಪುಟವನ್ನು ಮೊಬೈಲಿನಲ್ಲಿ ತೆಗೆದುಕೊಂಡಿದ್ದೆ, ಅಮ್ಮೀಗೆ ತೋರಿಸಿಬಿಟ್ಟೆ. ಅವರು ಅಳಲಿಲ್ಲ, ಬೆಚ್ಚಲಿಲ್ಲ. ಅಂದು ಊಟಕ್ಕೆ ಮೂರು ತಾಟು ಇಟ್ಟರು. ಈಗ ಮಧ್ಯಾಹ್ನ ಬಾಗಿಲಿಗೆ ಅಗುಳಿ ಹಾಕಲು ಬಿಡುವುದಿಲ್ಲ. ಯಾಕೆಂದರೆ “ಉನೋ ಆತೈಂ” ಅನ್ನುತ್ತಾರೆ. ಅವರು ಬರುತ್ತಾರಂತೆ.

ನಿಮಗೆ ಗೊತ್ತಿದ್ದರೆ ಹೇಳಿಬಿಡಿ. ನನಗಾಗಿ ಬೇಡ, ಅಮ್ಮೀಗಾಗಿ.

ತಹಮೀನಾ


ರಾಯಚೂರು
೨೭ ಆಗಸ್ಟ್ ೨೦೨೩

ಕಾಕಾ,

ನೀವು ಬರೆಯಲಿಲ್ಲ. ಆದರೂ ಇದನ್ನು ನಿಮಗಲ್ಲದೆ ಇನ್ನಾರಿಗೆ ಹೇಳಲಿ?

ಮೊನ್ನೆ ಶುಕ್ರವಾರ, ಇಪ್ಪತ್ತೈದನೇ ತಾರೀಖು, ನಾನು ಪಾಠ ಮಾಡುತ್ತಿದ್ದಾಗ ಹನುಮಂತಮ್ಮನ ಫೋನ್ ಬಂತು. “ನಿಮ್ಮವ್ವ ಮುಂಜಾನಿಂದ ಇಲ್ಲೇ ಕುಂತಾರ್ರಿ. ನೀರು ಕೊಟ್ರೂ ಕುಡಿಯವಲ್ರು. ಲಗೂನ ಬರ್ರಿ.”

ಫೋಟೋದಲ್ಲಿದ್ದ ಮರಳಿಸಬೇಕಾದ ತಾರೀಖನ್ನು ಅಮ್ಮೀ ನೆನಪಿಟ್ಟುಕೊಂಡಿದ್ದರು. ನಾನು ಮನೆಬಿಟ್ಟ ಮೇಲೆ ಒಬ್ಬರೇ ಮಾನ್ವಿಯ ಬಸ್ಸು ಹತ್ತಿದ್ದಾರೆ. ಅಬ್ಬಾ ಎಂದೂ ತಡಮಾಡಿ ಪುಸ್ತಕ ಕೊಟ್ಟವರಲ್ಲವಲ್ಲ.

ನಾನು ಅಲ್ಲಿ ತಲುಪಿದಾಗ ಅವರು ಒಳ್ಳೆಯ ಸೀರೆಯುಟ್ಟು ಬಾಗಿಲಿಗೆ ಮುಖ ಮಾಡಿ ಬೆಂಚಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಆ ಪುಸ್ತಕ.

ಹನುಮಂತಮ್ಮ ಗೋಡೆಗೊರಗಿ ನಿಂತಿದ್ದರು. “ನಾ ಬೀಗ ತೆಗದು, ನಿಮ್ಮವ್ವನ್ನ ಕುಂದ್ರಿಸಿ, ಕಸಬರಗಿ ತರಾಕ ಒಳಗ ಹೋದೆ. ಬರೋದ್ರಾಗ ಟೇಬಲ್ ಮ್ಯಾಲ ಇತ್ತು. ದೇವರಾಣಿ, ಯಾರನ್ನೂ ನೋಡಿಲ್ರಿ.”

ಅಮ್ಮೀ ಹೇಳಿದ್ದು ಇಷ್ಟೇ: ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗಿದೆ, ಸೀಮೆಸುಣ್ಣದ ವಾಸನೆ ಬಂತು, ತಲೆಯೆತ್ತಿದಾಗ ಪುಸ್ತಕ ಇತ್ತು.

ಆ ರಾತ್ರಿಯಿಂದ ಅವರು ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ. ನಿದ್ದೆ ಇಲ್ಲದ್ದು ನನಗೆ. ಪುಸ್ತಕ ಓದಿ ಮುಗಿಸಿದೆ. ಮೊದಲ ಪಟ್ಟಿಯಲ್ಲಿ ಹನ್ನೆರಡು, ಎರಡನೆಯದರಲ್ಲಿ ಇಪ್ಪತ್ತೊಂಬತ್ತು. ಒಟ್ಟು ನಲವತ್ತೊಂದು ಹೆಸರು, ಯಾರು ಎಲ್ಲಿ ಬಿದ್ದರು ಎಂಬ ವಿವರ ಸಮೇತ. ಇದನ್ನೆಲ್ಲ ಅಬ್ಬಾಗೆ ಹೇಳಿದವರು ಯಾರು? ಇಡೀ ಪುಸ್ತಕದಲ್ಲಿ ಆ ಹೆಸರು ಮಾತ್ರ ಇಲ್ಲ.

ತಹಮೀನಾ


ದೇವದುರ್ಗ
೧೪ ಸೆಪ್ಟೆಂಬರ್ ೨೦೨೩

ತಹಮೀನಾ, ಮಗಳೇ,

ಎರಡೂ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಆಗಸ್ಟಿನ ಕೊನೆಯವರೆಗೆ ರಾಯಚೂರಿನ ಆಸ್ಪತ್ರೆಯಲ್ಲಿದ್ದೆ. ನಿನ್ನ ಪತ್ರವನ್ನು ಮೊನ್ನೆ ಓದಿದೆ. ಅಕ್ಕ ಆ ಬೆಂಚಿನ ಮೇಲೆ ಕೂತದ್ದನ್ನು ಓದಿದ ಮೇಲೆ ಸುಳ್ಳು ಹೇಳುವ ಶಕ್ತಿ ಉಳಿಯಲಿಲ್ಲ.

ಆ ಹೆಸರುಗಳನ್ನು ಹೇಳಿದವಳು ನನ್ನ ತಾಯಿ ಬೂದೆಮ್ಮ. ತುಂಬಿಗಡ್ಡಿ ನಮ್ಮ ಊರು. ಸೆಪ್ಟೆಂಬರಿನಲ್ಲಿ ಕೊಂದವರ ಗುಂಪಿನಲ್ಲಿ ನನ್ನ ತಂದೆ ಹುಸೇನಪ್ಪ ಇದ್ದ. ಮೊಹರಮ್ಮಿನ ಅಲಾಯಿ ದೇವರಿಗೆ ಹರಕೆ ಹೊತ್ತು ಹುಟ್ಟಿದನೆಂದು ಅವನಿಗೆ ಆ ಹೆಸರಿಟ್ಟಿದ್ದರು. ಅವನು ಸತ್ತು ಇಪ್ಪತ್ತು ವರ್ಷದ ಮೇಲೆ ಅವ್ವ ಬಾಯಿಬಿಟ್ಟಳು. ಮಾಸ್ತರರನ್ನು ಅವಳ ಬಳಿ ಕರೆದುಕೊಂಡು ಹೋದವನು ನಾನೇ. ಅವರು ಎರಡು ಬೇಸಿಗೆ ಅವಳ ಎದುರು ಕೂತು ಬರೆದುಕೊಂಡರು.

ಪುಸ್ತಕ ಬಂದ ವರ್ಷ ಊರೂರಿನ ಗಾಳಿ ಕೆಟ್ಟಿತ್ತು. ವಾಚನಾಲಯಕ್ಕೆ ಜನ ನುಗ್ಗಿದರು. ಯಾರು ಹೇಳಿದ್ದು ಎಂದು ಕೇಳಿದರು. ನಾನು ಹೆದರಿದೆ. “ಪಟ್ಟಿ ಸುಳ್ಳು, ಮಾಸ್ತರರು ಕಟ್ಟಿ ಬರೆದದ್ದು” ಎಂದು ಸಹಿ ಮಾಡಿ ಕೊಟ್ಟೆ. ಆ ಕಾಗದದ ಮೇಲೆಯೇ ಅವರ ಅಮಾನತು ಆಯಿತು. ಅವರು ಒಂದು ಮಾತು ಹೇಳಿದ್ದರೆ ನಾನೂ ನನ್ನ ತಾಯಿಯೂ ಸಿಕ್ಕಿಬೀಳುತ್ತಿದ್ದೆವು. ಹೇಳಲಿಲ್ಲ. ಸದಸ್ಯತ್ವದ ಕಾರ್ಡನ್ನು ನನ್ನ ಟೇಬಲ್ಲಿನ ಮೇಲಿಟ್ಟು ಹೋದರು, ಮತ್ತೆ ಬರಲಿಲ್ಲ.

ಎಲ್ಲ ಪ್ರತಿ ಸುಡು ಎಂದು ಸಂಘದವರು ಹೇಳಿದ್ದರು. ಸುಟ್ಟೆ. ಮೂರನ್ನು ಸುಡಲಾಗಲಿಲ್ಲ. ಗದ್ದಲ ತಣ್ಣಗಾದ ಮೇಲೆ ಶಾಖೆಗೊಂದರಂತೆ ಹಿಂದಿನ ಕಪಾಟಿಗೆ ಸೇರಿಸಿದೆ. ಈ ವರ್ಷ ಇಬ್ಬರು ಹುಡುಗರು ಓದುಗರ ಹೆಸರು ಕೇಳುತ್ತಿದ್ದಾರೆಂದು ತಿಳಿದಾಗ ಅವರಿಗಿಂತ ಮೊದಲು ಹೋಗಿ ಪುಸ್ತಕ ತೆಗೆದೆ, ಮಾಸ್ತರರ ಕಾರ್ಡಿನಲ್ಲಿ. ಮೂವತ್ತು ವರ್ಷ ಆ ಕಾರ್ಡಿನ ಮೇಲಿನ ಅವರ ಸಹಿ ನೋಡುತ್ತಲೇ ಇದ್ದೆ, ಕೈ ತಾನೇ ಬರೆಯಿತು. ಸತ್ತವರನ್ನು ಯಾರೂ ಹೆದರಿಸಲಾರರು ಎಂದುಕೊಂಡೆ. ಅಕ್ಕನ ಗತಿ ಏನಾದೀತೆಂದು ಯೋಚಿಸಲಿಲ್ಲ.

ಆದರೆ ಒಂದು ಮಾತು. ಮಾನ್ವಿಯಿಂದ ತಂದ ಪ್ರತಿ ನನ್ನ ಟ್ರಂಕಿನಲ್ಲೇ ಇದೆ. ಈಗಷ್ಟೇ ಮುಟ್ಟಿ ನೋಡಿ ಬಂದೆ. ಆ ಶುಕ್ರವಾರ ನನ್ನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಅಕ್ಕನ ತೊಡೆಯ ಮೇಲಿದ್ದ ಪುಸ್ತಕವನ್ನು ನಾನು ಇಟ್ಟಿಲ್ಲ. ಯಾರು ಇಟ್ಟರೋ ನನಗೆ ತಿಳಿಯದು.

ಕ್ಷಮಿಸು ಎಂದು ಕೇಳುವ ಮುಖವಿಲ್ಲದ,
ಹುಲಗಪ್ಪ


ರಾಯಚೂರು
೨೨ ಅಕ್ಟೋಬರ್ ೨೦೨೩

ಹುಲಗಪ್ಪ ಅವರಿಗೆ,

ಒಂದು ತಿಂಗಳು ನಿಮಗೆ ಬರೆಯಬಾರದೆಂದು ಹಟ ಹಿಡಿದಿದ್ದೆ. ಅಬ್ಬಾ ಅಮಾನತಾಗಿದ್ದ ಎಂಟು ತಿಂಗಳು ಅಮ್ಮೀ ರಜಾಯಿ ಹೊಲಿದು ಮನೆ ನಡೆಸಿದರು. ಸೂಜಿ ಚುಚ್ಚಿ ಗಟ್ಟಿಯಾದ ಅವರ ಬೆರಳು ಇಂದಿಗೂ ಹಾಗೇ ಇದೆ. ನಿಮ್ಮ ಪತ್ರವನ್ನು ಅವರಿಗೆ ಓದಿ ಹೇಳಿದೆ. “ಅವ್ನು ಊಟಕ್ಕ ಬಂದ್ರ ಎರಡು ರೊಟ್ಟಿ ಜಾಸ್ತಿ ಬಡಿಬೇಕಿತ್ತು” ಎಂದರು.

ನೀವು ಹೇಳಿದ್ದು ನಿಜ. ಅಮ್ಮೀಗೆ ಸಿಕ್ಕ ಪ್ರತಿಯ ಮೇಲೆ ಸಂಘದ ಮೊಹರಿಲ್ಲ. ಶಾಲೆಯ ಪುಸ್ತಕಕ್ಕೆ ಹಾಕುವ ಖಾಕಿ ಕಾಗದದ ರಟ್ಟು ಹಾಕಿದೆ. ಹೆಸರುಗಳಿರುವ ಪುಟಗಳ ಅಂಚು ಬೆರಳು ತಾಗಿ ತಾಗಿ ಬಟ್ಟೆಯಂತಾಗಿದೆ. ಯಾರದೋ ಮನೆಯಲ್ಲಿ ಮೂವತ್ತು ವರ್ಷ ಇದ್ದದ್ದು.

ಮತ್ತೆ ಮಾನ್ವಿಗೆ ಹೋಗಿ ಹಿಂದಿನ ವರ್ಷಗಳ ರಿಜಿಸ್ಟರ್ ತೆಗೆಸಿದೆ. ನೀವು ಆ ಹೆಸರು ಬರೆದದ್ದು ಈ ಮೇ ತಿಂಗಳಲ್ಲಿ ಅಲ್ಲವೇ? ಅಬ್ಬಾ ತೀರಿಕೊಂಡ ಮೂರನೇ ತಿಂಗಳಿನಿಂದ ಮೇ ವರೆಗೆ ಅವರು ಆ ಪುಸ್ತಕವನ್ನು ಒಂಬತ್ತು ಸಲ ಎರವಲು ಪಡೆದಿದ್ದಾರೆ. ಒಂಬತ್ತೂ ಬೇರೆ ಬೇರೆ ಕೈಬರಹ. ಒಂದು ಶಾಲೆಯ ಮಗುವಿನಂತೆ ದುಂಡಗೆ. ಒಂದರಲ್ಲಿ ‘ಅಬ್ದುಲ್’ ಎಂದು ಬರೆಯಲು ಬಾರದೆ ‘ಅಬದೂಲ’ ಆಗಿದೆ.

ಹನುಮಂತಮ್ಮನನ್ನು ಕೇಳಿದೆ. ಅವರು ರಿಜಿಸ್ಟರ್ ಮುಚ್ಚಿ ಹೇಳಿದರು: “ಆ ಪುಸ್ತಕ ಒಯ್ಯೋರು ತಮ್ಮ ಹೆಸರು ಹಾಕಂಗಿಲ್ರಿ. ರಿಜಿಸ್ಟರ್ ಹಾಳಿ ತಿರುವಿ ಮ್ಯಾಲಿನ ಹೆಸರು ಹುಡುಕಿ ಅದನ್ನೇ ಬರೀತಾರ. ನಾ ಮುಖ ನೋಡಂಗಿಲ್ಲ. ಊಟಕ್ಕ ಹೋಗ್ತೀನಿ.”

ಪುಸ್ತಕವನ್ನು ಮೂರೂ ಶಾಖೆಗಳಿಂದ ತೆಗೆಯಬೇಕೆಂದು ಆ ಇಬ್ಬರು ಹುಡುಗರು ಅರ್ಜಿ ಕೊಟ್ಟಿದ್ದಾರೆ. ಇದು ಸುಳ್ಳೆಂದು ಸಂಘದ ಕಡತದಲ್ಲೇ ಪುರಾವೆ ಇದೆ ಎಂಬುದು ಅವರ ವಾದ. ಪುರಾವೆ ನಿಮ್ಮ ಸಹಿಯ ಕಾಗದ. ನವೆಂಬರ್ ಹತ್ತೊಂಬತ್ತು, ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ ರಾಯಚೂರಿನ ಶಾಖೆಯಲ್ಲಿ ಸಭೆ.

ಬನ್ನಿ ಎಂದು ನಾನು ಕರೆಯುವುದಿಲ್ಲ. ತಾರೀಖು ತಿಳಿಸಿದ್ದೇನೆ.

ತಹಮೀನಾ ವಹೀದ್


ರಾಯಚೂರು
೨೧ ನವೆಂಬರ್ ೨೦೨೩

ಕಾಕಾ,

ಅಂದು ನಿಮಗೆ ಏನೂ ಕೇಳಿಸಿರಲಾರದು. ಓದಿ ಮುಗಿಸಿ ನೀವು ಯಾರ ಮುಖವನ್ನೂ ನೋಡದೆ ಬಸ್ಸಿಗೆ ಹೊರಟುಬಿಟ್ಟಿರಿ. ಆದ್ದರಿಂದ ಅಲ್ಲಿ ನಡೆದದ್ದನ್ನು ಬರೆಯುತ್ತೇನೆ.

ಕ್ರಿಕೆಟ್ ಫೈನಲ್ ದಿನ, ಹತ್ತು ಜನ ಬಂದರೆ ಹೆಚ್ಚು ಎಂದುಕೊಂಡಿದ್ದೆ. ನೂರಕ್ಕೂ ಮಿಕ್ಕಿ ಜನ ಗೋಡೆಗುಂಟ ನಿಂತಿದ್ದರು. ಅಧ್ಯಕ್ಷ ಕನಕರಾಯರು ನಿಮ್ಮ ಹಳೆಯ ಕಾಗದ ಓದಿ, “ಇದನ್ನ ಬರ್ದವ್ರು ಇಲ್ಲೇ ಅದಾರ. ಹುಲಗಪ್ಪನೋರ, ಏನಂತೀರಿ?” ಅಂದರು. ನಿಮಗೆ ಕೇಳಿಸಲಿಲ್ಲ. ನಾನು ನಿಮ್ಮ ಭುಜ ಮುಟ್ಟಿದೆ.

ನೀವು ಎದ್ದು, “ಇದು ನನ್ನ ಸಹಿ. ಸುಳ್ಳು ಬರ್ದಿದ್ದು ನಾ, ಮಾಸ್ತರಲ್ಲ. ಹೇಳಿದಾಕಿ ನಮ್ಮವ್ವ. ಕೊಂದವ್ರಾಗ ನಮ್ಮಪ್ಪ ಇದ್ದ” ಅಂದಿರಿ. ಆಮೇಲೆ ಪುಸ್ತಕ ತೆರೆದು ಓದತೊಡಗಿದಿರಿ.

ಗಲಾಟೆ ಎದ್ದದ್ದು ಆಗ. ಕುರ್ಚಿ ಬಿದ್ದವು. “ಮುದುಕನ್ನ ಕುಂದ್ರಸ್ರಿ” ಎಂದು ಒಬ್ಬ ಕೂಗಿದ. ನೀವು ಮಾತ್ರ ಸಂತೆಯ ಗದ್ದಲದ ನಡುವೆ ಬಾವಿಯೊಳಗೆ ನಿಂತು ಓದುವವರಂತೆ ಒಂದೇ ದನಿಯಲ್ಲಿ ಹೋದಿರಿ. ಅಷ್ಟರಲ್ಲಿ ಕರೆಂಟು ಹೋಗಿ ಫ್ಯಾನುಗಳು ನಿಂತವು. ನೀವು ನಾಲ್ಕನೇ ಹೆಸರು ಓದಿದಿರಿ. ಹಿಂದಿನಿಂದ ಯಾರೋ ಆ ಹೆಸರನ್ನು ಮೆಲ್ಲಗೆ ತಿರುಗಿ ಹೇಳಿದರು. ಐದನೆಯದನ್ನು ಇನ್ನೊಂದು ಮೂಲೆಯಿಂದ. ನಾನು ತಿರುಗಿ ನೋಡಿದೆ, ಯಾರ ತುಟಿಯೂ ಅಲುಗಿದ್ದು ಕಾಣಲಿಲ್ಲ. ಒಂಬತ್ತನೇ ಹೆಸರಿಗೆ ಕೂಗಾಟ ನಿಂತಿತ್ತು. ಓದುತ್ತಿದ್ದವರು ನೀವೊಬ್ಬರೇ, ಹೇಳುತ್ತಿದ್ದವರು ಎಷ್ಟು ಜನವೋ.

ಅರ್ಜಿ ಕೊಟ್ಟ ಇಬ್ಬರಲ್ಲಿ ದುರುಗೇಶ ಎಂಬವನು ನನ್ನ ಪಕ್ಕದಲ್ಲೇ ನಿಂತಿದ್ದ. ಮೊದಲ ಪಟ್ಟಿಯ ಹನ್ನೊಂದನೇ ಹೆಸರು ಬಂದಾಗ ಗೆಳೆಯನ ತೋಳು ಹಿಡಿದು, “ಲೇ, ಇದು ನಮ್ಮ ಮುತ್ಯಾನ ಹೆಸರು. ಇದ್ರಾಗ ನಮ್ಮವ್ರ ಹೆಸರೂ ಅದ ಅಂತ ಯಾರೂ ಹೇಳೇ ಇಲ್ಲ” ಅಂದ. ಅವರು ಪುಸ್ತಕವನ್ನು ಓದದೆಯೇ ಅರ್ಜಿ ಬರೆದಿದ್ದರು.

ತೀರ್ಮಾನ ಅರ್ಧಂಬರ್ಧ. ಪುಸ್ತಕ ಕಪಾಟಿನಲ್ಲಿ ಇರುತ್ತದೆ, ಮನೆಗೆ ಕೊಡುವುದಿಲ್ಲ. ಅಲ್ಲೇ ಕೂತು ಓದಬೇಕು. ನನ್ನ ಕಾಲೇಜಿನಿಂದ ನಿನ್ನೆ ಒಂದು ಪತ್ರ ಬಂದಿದೆ, ಅದರ ವಿಷಯ ಈಗ ಬೇಡ.

ನಿಮ್ಮ ಮಗ ಮನೆಯಲ್ಲಿ ಏನೆಂದರು? ಅಮ್ಮೀ ಎರಡು ಸಲ ಕೇಳಿದರು.

ನಿಮ್ಮ ಮಗಳಂಥವಳು,
ತಹಮೀನಾ


ದೇವದುರ್ಗ
೧೧ ಜನವರಿ ೨೦೨೪

ಮಗಳೇ ತಹಮೀನಾ,

ಮಗ ಮಾತು ಬಿಟ್ಟಿದ್ದಾನೆ. ಕಿವುಡನಿಗೆ ಅದೇನು ದೊಡ್ಡದಲ್ಲ. ಊಟ ಹೊರಗಿನ ಕೋಣೆಗೆ ಬರುತ್ತದೆ.

ಬರೆಯಬೇಕಾದದ್ದು ಬೇರೆ ಇದೆ. ಹೋದ ವಾರ ಮಾನ್ವಿಯಿಂದ ಹಸೀನಾ ಬೇಗಂ ಎಂಬ ಹೆಣ್ಣುಮಗಳು ಬಂದಿದ್ದಳು. ಎಂಬತ್ತೆರಡು ವರ್ಷ. ಜೊತೆಗೆ ಮೊಮ್ಮಗಳು. ಸಭೆಯಲ್ಲಿ ನಾನು ಓದಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರಂತೆ, ಅದನ್ನು ಆಕೆ ಮತ್ತೆ ಮತ್ತೆ ಹಾಕಿಸಿ ಕೇಳಿದ್ದಾಳೆ. ಆಕೆ ಹೇಳಿದ್ದನ್ನು ಹುಡುಗಿ ಮೊಬೈಲಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ನನ್ನ ಕಣ್ಣಿಗೆ ಹಿಡಿದಳು.

“ನಲವತ್ತೊಂದು ಹೆಸರು ಓದಿದ್ರಿ. ನಮ್ಮಮ್ಮೀ ಜಾಹೆದಾ ಹೆಸರು ಯಾಕ ಇಲ್ಲ?”

ನಮ್ಮವ್ವ ಹೇಳಿದ್ದಷ್ಟನ್ನೂ ಮಾಸ್ತರರು ಬರೆದಿದ್ದಾರೆ ಎಂದೆ.

“ನಿಮ್ಮವ್ವ ಬೂದವ್ವ ಇದನ್ನ ಹ್ಯಾಂಗ ಹೇಳ್ತಾಳ? ನಮ್ಮದು ನಿಮ್ಮದು ಒಂದೇ ಗೋಡಿ. ಗಲಾಟಿ ಆದಾಗ ಬೂದವ್ವ ನಮ್ಮಮ್ಮೀನ್ನ ನಿಮ್ಮ ಮನ್ಯಾಗಿನ ಹಗೇವದಾಗ ಇಳಿಸಿ ಕಲ್ಲು ಅರ್ಧ ಸರಿಸಿ ಇಟ್ಲು. ನನ್ನನ್ನ ದನದ ಕೊಟ್ಟಿಗ್ಯಾಗ ಜ್ವಾಳದ ಕಣಕಿ ಕೆಳಗ ಮುಚ್ಚಿದ್ಲು. ನಿಮ್ಮಪ್ಪ ಬಂದಿದ್ದು ನಾ ಕಣಕಿ ಸಂದ್ಯಾಗಿಂದ ನೋಡಿದೆ. ಕಲ್ಲು ಸರಿದಿದ್ದು ನೋಡಿದ. ಬೈಲಿಲ್ಲ, ಹೊಡಿಲಿಲ್ಲ. ಕಲ್ಲು ಎಳದು ಸರಿಯಾಗಿ ಮುಚ್ಚಿ, ಮ್ಯಾಲ ಕಂಬಳಿ ಹಾಸಿ ಕುಂತ. ಬೂದವ್ವಗ ರೊಟ್ಟಿ ತಾ ಅಂದ. ಸಂಜಿತನಕ ಅಲ್ಲಿಂದ ಏಳಲಿಲ್ಲ. ಅಮ್ಮೀನ್ನ ಯಾರೂ ಹೊರಗ ತೆಗಿಲಿಲ್ಲ.”

ಹಗೇವೆಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಮುಚ್ಚಿದರೆ ಗಾಳಿಯಾಡದೆ ಒಳಗೆ ದೀಪವೂ ಉರಿಯದು.

ಅವನು ನನ್ನನ್ನು ಹೆಗಲ ಮೇಲೆ ಹೊತ್ತು ಹೊಳೆಗೆ ಒಯ್ಯುತ್ತಿದ್ದ. ಒಂದು ದಿನವೂ ನಮಗೆ ಕೈಯೆತ್ತಿದವನಲ್ಲ. ನಲವತ್ತೊಂದು ಹೆಸರನ್ನು ಎಡವದೆ ಹೇಳಿದ ನಮ್ಮವ್ವ ಇದೊಂದನ್ನು ಬಾಯೊಳಗೇ ಇಟ್ಟುಕೊಂಡು ಮಣ್ಣಿಗೆ ಹೋದಳು.

ಆಕೆ ಆ ಜಾಗ ತೋರಿಸು ಎಂದಳು. ಆಟೋ ಮಾಡಿಕೊಂಡು ಮೂವರೂ ತುಂಬಿಗಡ್ಡಿಗೆ ಹೋದೆವು. ಹಳೆಯ ಮನೆಯಲ್ಲಿ ಈಗ ನನ್ನ ಚಿಕ್ಕಪ್ಪನ ಮೊಮ್ಮಗನ ಸಂಸಾರ. ಹಗೇವು ನಾನು ಹುಟ್ಟುವ ಮೊದಲೇ ತುಂಬಿಸಿ ಮೇಲೆ ನೆಲ ಹಾಕಿದ್ದರು. ಹಿರಿಯರು ಹೇಳುತ್ತಿದ್ದ ಗುರುತಿನಂತೆ ಅಟ್ಟದ ತೊಲೆಗಳನ್ನು ನೋಡಿ ಅಂದಾಜು ಮಾಡಿದೆ. ಅದು ಅಡುಗೆಮನೆಯಾಗಿತ್ತು. ಒಲೆ ಉರಿಯುತ್ತಿತ್ತು.

ಹಸೀನಾ ಬೇಗಂ ಒಲೆಯ ಪಕ್ಕದಲ್ಲಿ ಕೂತು ಅಂಗೈಯನ್ನು ನೆಲಕ್ಕಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. ತುಟಿಗಳು ಅಲುಗುತ್ತಿದ್ದವು. ಕೊನೆಗೆ ಏನೋ ಅಂದಳು. ಹುಡುಗಿ ಬರೆದು ತೋರಿಸಿದಳು.

“ಬೆಚ್ಚಗ ಅದ.”

ಮನೆಯ ಸೊಸೆ ದುರ್ಗಾದೇವಿ ಹೊಸ್ತಿಲಲ್ಲಿ ನಿಂತು ಮೊಮ್ಮಗಳು ಹೇಳಿದ್ದನ್ನೆಲ್ಲ ಕೇಳಿದ್ದಳು. ಮದುವೆಯಾಗಿ ಬಂದು ಆರು ವರ್ಷವಾದ ಹೆಣ್ಣುಮಗಳು, ಅವಳಿಗೆ ಇದರ ಗಂಧಗಾಳಿ ಇಲ್ಲ. ಒಳಗೆ ಬಂದು ಒಲೆಯಲ್ಲಿದ್ದ ಕಟ್ಟಿಗೆ ಎಳೆದು ನೀರು ಚಿಮುಕಿಸಿದಳು. ಹಂಚಿನ ಮೇಲೆ ಅರ್ಧ ಬೆಂದ ರೊಟ್ಟಿ ಹಾಗೇ ಇತ್ತು. ಗಂಡ ಏನೋ ಜೋರು ಮಾಡಿದ್ದು ಅವನ ಮುಖದಲ್ಲಿ ಕಂಡಿತು. ಅವಳು ಅವನ ಕಡೆ ನೋಡದೆ ಒಲೆಯ ಮೂರು ಕಲ್ಲುಗಳನ್ನು ಒಂದೊಂದಾಗಿ ಸೆರಗಿನಲ್ಲಿ ಹಿಡಿದು ಅಂಗಳಕ್ಕೆ ಒಯ್ದಳು.

ಇನ್ನೂ ಅಂಗಳದಲ್ಲೇ ಅಡುಗೆ ಮಾಡುತ್ತಿದ್ದಾಳಂತೆ. ಈ ಚಳಿಯಲ್ಲಿ, ಗಾಳಿಗೆ ಹೊಗೆ ಕಣ್ಣು ಬಿಡಗೊಡದಿದ್ದರೂ, ಅವಳು ಒಳಗೆ ಒಲೆ ಹೂಡುತ್ತಿಲ್ಲ.

ಹುಸೇನಪ್ಪನ ಮಗ,
ಹುಲಗಪ್ಪ